ಗೇಟಿನಾಚೆ ಒಂದು ಜಾಗ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪ್ಲೈವುಡ್ಡಿನ ಜೈಲು ಆಗಲೇ ತುಂಬಿದೆ. ಕೈದಿಗಳು ಚಹಾ ಹೀರುತ್ತಿದ್ದಾರೆ, ವಾರ್ಡರುಗಳು ಅವರ ಹತ್ತಿರ ಬೀಡಿ ಬೇಡುತ್ತಿದ್ದಾರೆ. ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕುಳಿತ ಒಬ್ಬರು ಮಾತ್ರ ಹೊಸ ಸಮವಸ್ತ್ರದ ಮೊಣಕಾಲಿಗೆ ಇಟ್ಟಿಗೆ ಚೂರು ಉಜ್ಜಿ ಹಳತು ಮಾಡುತ್ತಿದ್ದಾರೆ. ಸೆಟ್ಟಿನಲ್ಲಿ ಎಲ್ಲರಿಗೂ ಅವರು ದೊಡ್ಡಪ್ಪ. ಗುಂಪಿನ ದೃಶ್ಯಗಳಲ್ಲಿ ಹಿಂದಿನ ಸಾಲಿನ ನಟ. ಇದುವರೆಗೆ ತೆರೆಯ ಮೇಲೆ ಅವರ ಒಂದು ಭುಜ, ಅರ್ಧ ಕಿವಿ ಬಂದುಹೋಗಿವೆ.

ಈ ಚಿತ್ರಕ್ಕೆ ಅವರನ್ನು ಕರೆದದ್ದು ಅನುಭವ ನೋಡಿ. ಹರೆಯದಲ್ಲಿ ಒಂದು ಹೊಡೆದಾಟ, ಒಂದು ಸಾವು. ಆಮೇಲೆ ಅರ್ಧ ಆಯುಷ್ಯ ನಿಜವಾದ ಜೈಲಿನಲ್ಲಿ. ಅಲ್ಲಿ ಬಾಗಿಲು ತೆರೆದೇ ಇದ್ದರೂ ವಾರ್ಡರ್ 'ನಡಿ' ಎನ್ನುವವರೆಗೆ ನಿಲ್ಲಬೇಕು. ಅವರಿಗೆ ಬಿಡುಗಡೆಯಾಯಿತು, ಆ ಅಭ್ಯಾಸಕ್ಕೆ ಆಗಲಿಲ್ಲ.

"ಬಚ್ಚಲ ಮುಂದೂ ನಿಂತಿರ್ತಾರೆ. ನಾನು 'ಹೋಗೀಂದ್ರೆ' ಅನ್ಬೇಕು," ಎನ್ನುತ್ತಾರೆ ಹೆಂಡತಿ.

ಇವತ್ತು ದಂಗೆಯ ದೃಶ್ಯ. ಗೇಟು ಬೀಳಬೇಕು, ಕೈದಿಗಳು ಹೊರಗೆ ನುಗ್ಗಬೇಕು. ಜೈಲಿಗೆ ಒಮ್ಮೆಯೂ ನೋಡಲು ಬಾರದ ಮಗಳು ಥಿಯೇಟರಿಗೆ ಬರುತ್ತೇನೆಂದಿದ್ದಾಳೆ. "'ನೀನು ಆಚೆ ಬರೋದನ್ನ ನೋಡ್ತೀನಪ್ಪಾ' ಅಂದ್ಳು. ಅದೊಂದು ಆಗ್ಬಿಟ್ರೆ ಸಾಕು ಸಾರ್," ಎನ್ನುತ್ತಾರೆ ದೊಡ್ಡಪ್ಪ.

ಗೇಟು ಬೀಳುತ್ತದೆ. ಎಲ್ಲರೂ ಓಡುತ್ತಾರೆ. ದೊಡ್ಡಪ್ಪ ಗೇಟಿನ ಬಾಯಲ್ಲಿ ಕೈಕಟ್ಟಿ ನಿಲ್ಲುತ್ತಾರೆ. ಹಿಂದಿನವರು ಬಂದು ಅವರ ಬೆನ್ನಿಗೆ ಡಿಕ್ಕಿ ಹೊಡೆಯುತ್ತಾರೆ. ಕ್ರಾಂತಿ ಅಲ್ಲಿಗೆ ಮುಗಿಯುತ್ತದೆ.

"ಏನ್ ದೊಡ್ಡಪ್ಪ, ಟಿಕೆಟ್ ಕೊಡೋರು ಬರ್ಬೇಕಾ?" ಸಹನಿರ್ದೇಶಕ ಮೈಕಿನಲ್ಲಿ ಕೂಗುತ್ತಾನೆ. ನಗುವೋ ನಗು.

ಗೇಟನ್ನು ಮತ್ತೆ ನಿಲ್ಲಿಸಿ ಮತ್ತೆ ಬೀಳಿಸುತ್ತಾರೆ. ಮತ್ತೆ ಅದೇ. ಮುಂದಿನ ಸಲ ಯಾರೂ ನಗುವುದಿಲ್ಲ.

"ಹೋಗ್ಬೇಕು ಅಂತ ನಂಗೆ ಗೊತ್ತಪ್ಪಾ. ಕಾಲಿಗೆ ಗೊತ್ತಿಲ್ಲ."

"ನಾನು 'ನಡಿ' ಅಂದ್ರೆ ಹೋಗ್ತಾರೆ ಸಾರ್," ವಾರ್ಡರ್ ವೇಷದವನ ಸಲಹೆ.

"ದಂಗೇಲಿ ವಾರ್ಡರೇ ದಾರಿ ತೋರಿಸ್ತಾನೇನೋ? ದೊಡ್ಡಪ್ಪನ್ನ ಹೆಣಗಳ ಜೊತೆ ಹಾಕ್ರೋ!" ಸಹನಿರ್ದೇಶಕ ರೇಗುತ್ತಾನೆ.

ಹೆಣಗಳೆಲ್ಲ ಗೇಟಿನೊಳಗೇ ಬೀಳಬೇಕಾದವು. ಬೆಳಗಿನಿಂದ ಯಾರ ಹತ್ತಿರವೂ ಏನೂ ಕೇಳದ ದೊಡ್ಡಪ್ಪ ಸಹನಿರ್ದೇಶಕನ ಕಿವಿಯಲ್ಲಿ ಏನೋ ಹೇಳುತ್ತಾರೆ. ಆತ ತಲೆ ಕೆರೆದುಕೊಳ್ಳುತ್ತಾನೆ, ಆಮೇಲೆ ಹೂಂ ಎನ್ನುತ್ತಾನೆ. ಇಬ್ಬರು ಕೈದಿಗಳು ಕೈಕಾಲು ಹಿಡಿದೆತ್ತಿ ಅವರನ್ನು ಗೇಟು ದಾಟಿಸಿ, ಆಚೆಯ ಧೂಳಿನಲ್ಲಿ ಮಲಗಿಸುತ್ತಾರೆ. ಮೇಕಪ್ಪಿನವನು ಕೆಂಪು ಬಣ್ಣದ ಡಬ್ಬಿ ಹಿಡಿದು ಪಕ್ಕದಲ್ಲಿ ಕೂರುತ್ತಾನೆ.

"ಮುಖಕ್ಕೆ ಜಾಸ್ತಿ ಬಳೀಬೇಡಪ್ಪಾ," ಎನ್ನುತ್ತದೆ ಹೆಣ, ಕಣ್ಣು ಮುಚ್ಚಿಕೊಂಡೇ. "ಮಗಳಿಗೆ ಗುರುತು ಸಿಗ್ಬೇಕು. ಆಚೆ ಇರೋನು ನಾನೇ ಅಂತ."