ಇಪ್ಪತ್ತು ನಿಮಿಷದ ನಾಟಕ

ಶ್ರೀಧರ, ಆ ಪಂದ್ಯವನ್ನು ನಾನು ನಿನ್ನಿಂದ ಕದ್ದೆ. ಹತ್ತು ವರ್ಷದಿಂದ ನೀನು ನನ್ನನ್ನು ಜಾಣನೆಂದು ಹೊಗಳುತ್ತಿದ್ದೀಯ, ನಾನು ಹಲ್ಲು ಕಿರಿಯುತ್ತ ಕೇಳಿಸಿಕೊಳ್ಳುತ್ತಿದ್ದೇನೆ — ಥೂ, ನನಗೇ ಹೇಸಿಗೆ.

ಆಗ ತ್ರಿಪ್ಲಿಕೇನ್‌ನಲ್ಲಿ ನಮ್ಮಿಬ್ಬರ ಪೈಕಿ ಕಂಪ್ಯೂಟರ್ ಇದ್ದದ್ದು ನನ್ನ ಮನೆಯಲ್ಲಿ ಮಾತ್ರ. ನಿನ್ನಪ್ಪ ಹೋಟೆಲಿನಲ್ಲಿ ಅಡುಗೆಭಟ್ಟರು. ನೀನೂ ಅವರ ಪಕ್ಕ ಒಲೆಯ ಮುಂದೆ ನಿಲ್ಲಬಾರದೆಂದರೆ, ಮಣಲಿಯ ಕಾರ್ಖಾನೆಯೊಂದು ಚೆಸ್ ಆಟಗಾರನಿಗೆಂದು ಇಟ್ಟಿದ್ದ ಒಂದೇ ಒಂದು ಕೆಲಸ ನಿನಗೆ ಸಿಗಬೇಕಿತ್ತು. ಆಯ್ಕೆಯ ಪಂದ್ಯಾವಳಿಗೆಂದು ನೀನು ತಿಂಗಳುಗಟ್ಟಲೆ ಕೂತು, ಕಪ್ಪು ಕಾಯಿಯವರು ಆಡುವ ಫ್ರೆಂಚ್ ಡಿಫೆನ್ಸ್ ಎಂಬ ಆರಂಭದಲ್ಲಿ ಒಂದು ದಾರಿ ಸಿದ್ಧಮಾಡಿದ್ದೆ. ನೋಟ್‌ಬುಕ್ ನನ್ನ ಕೈಗಿಟ್ಟು, "ಒಮ್ಮೆ ಕಂಪ್ಯೂಟರಿಗೆ ಹಾಕಿ ನೋಡು ಮಾರಾಯ, ಎಲ್ಲಿಯಾದ್ರೂ ತಪ್ಪಿದ್ರೆ ಹೇಳು" ಅಂದೆ.

ತಪ್ಪಿತ್ತು. ಹದಿನಾಲ್ಕನೇ ನಡೆಯಲ್ಲಿ ಬಿಳಿಯವನು ಕುದುರೆ ಬಲಿಕೊಟ್ಟರೆ ನಿನ್ನ ರಾಜನಿಗೆ ಉಳಿಗಾಲವಿಲ್ಲ — ಕಂಪ್ಯೂಟರ್ ಕೂಡಲೇ ತೋರಿಸಿತು. ಆದರೆ ಆ ಕೆಲಸಕ್ಕೆ ನಾನೂ ಅರ್ಜಿ ಹಾಕಿದ್ದೆನಲ್ಲ... ನೋಟ್‌ಬುಕ್ ಹಿಂದಿರುಗಿಸಿ, "ಎಲ್ಲಾ ಕರೆಕ್ಟಾಗಿದೆ ಡಾ" ಅಂದೆ. ನಿಮ್ಮಮ್ಮ ಕೊಟ್ಟ ಕಾಫಿಯನ್ನೂ ಕುಡಿದು ಬಂದೆ.

ಕೊನೆಯ ಸುತ್ತಿನಲ್ಲಿ ನಾವೇ ಎದುರಾದೆವು, ಬಿಳಿ ಕಾಯಿ ನನಗೆ. ಡ್ರಾ ಆದರೂ ಕೆಲಸ ನಿನ್ನದೇ. ನನ್ನ ಮಾತು ನಂಬಿ ನೀನು ಅದೇ ದಾರಿ ಹಿಡಿದೆ. ನನಗೆ ಆ ನಡೆ ಬಾಯಿಪಾಠ. ಆದರೂ ಗಲ್ಲಕ್ಕೆ ಕೈಕೊಟ್ಟು, ಹುಬ್ಬು ಗಂಟಿಕ್ಕಿ, ಇಪ್ಪತ್ತು ನಿಮಿಷ ಯೋಚಿಸುವ ನಾಟಕವಾಡಿದೆ. ಸುಳ್ಳು ಹೇಳಿದ್ದಕ್ಕಿಂತ ಆ ನಾಟಕವೇ ಹೆಚ್ಚು ಹೀನ. ಸೋತು ಕೈಕುಲುಕುತ್ತ ನೀನು ಹೇಳಿದ್ದು — "ಕಂಪ್ಯೂಟರಿಗೇ ಕಾಣದ್ದು ನಿನಗೆ ಕಂಡಿತಲ್ಲ ಮಾರಾಯ."

ಮುಂದಿನ ತಿಂಗಳು ನಾನು ಮಣಲಿಯ ಬಸ್ಸು ಹತ್ತಿದೆ. ನೀನು ಹೋಟೆಲಿನ ಅಡುಗೆಮನೆ ಸೇರಿದೆ.

ಈಗ ಪೋರೂರಿನಲ್ಲಿ ಭಾನುವಾರ ಮಧ್ಯಾಹ್ನ ಮಕ್ಕಳಿಗೆ ಚೆಸ್ ಹೇಳಿಕೊಡುತ್ತೀಯ, ಏಳು ವರ್ಷದ ನನ್ನ ಮಗಳಿಗೂ. ಮೊನ್ನೆ ಅವಳು ಆ ಆಟವನ್ನೇ ಬರೆದುಕೊಂಡು ಬಂದಳು. ಸ್ವಂತ ಬುದ್ಧಿಯಿಂದ ಯೋಚಿಸುವುದು ಹೇಗೆಂದು ತೋರಿಸಲು ನೀನು ನನ್ನ ಆ ನಡೆಯನ್ನೇ ಪಾಠ ಮಾಡಿದ್ದೀಯಂತೆ. "ಎಪ್ಪಡಿಪ್ಪಾ ಕಂಡುಪಿಡಿಚೆ?" — ಹೇಗೆ ಹೊಳೆಯಿತೆಂದು ಕೇಳಿದಳು. ಆಗಲಾದರೂ ನಾನು... ಇಲ್ಲ. "ಇಪ್ಪತ್ತು ನಿಮಿಷ ಯೋಚಿಸಿದೆ ಕಣಮ್ಮ" ಅಂದೆ.

ಈ ಭಾನುವಾರ ಅವಳನ್ನು ಬಿಡಲು ನಾನೇ ಬರುತ್ತೇನೆ. ಅವಳನ್ನು ಹೊರಗೆ ಕಳಿಸದೆ, ಅವಳ ಎದುರಿಗೇ ನಿನಗೆ ಇದನ್ನೆಲ್ಲ ಹೇಳುತ್ತೇನೆ. ಆಮೇಲೆ ಅವಳು ನನ್ನ ಮುಖವನ್ನು ಹೇಗೆ ನೋಡುತ್ತಾಳೋ, ಹಾಗೇ ನೋಡಲಿ.