ಹೆದರಬೇಡ ಎಂದು ಹೆದರಿಸುವವರು

ನನಗೆ ಮೂರ್ಛೆರೋಗ. ಹುಬ್ಬಳ್ಳಿಯ ಡಾಕ್ಟರು ಗುಳಿಗೆ ಬರೆದುಕೊಟ್ಟು, "ಒಂದಿನಾನೂ ತಪ್ಪಿಸಬ್ಯಾಡ್ರಿ. ನಿದ್ದಿಗೆಟ್ರ, ಭಾಳ ಹೆದರಿದ್ರ, ಮನಸ್ಸಿಗೆ ಹಚ್ಚಿಕೊಂಡ್ರ ಫಿಟ್ಸ್ ಜಾಸ್ತಿ ಆಗಬಹುದು" ಎಂದಿದ್ದರು. ಬಸ್ಸು ಅಣ್ಣಿಗೇರಿ ಮುಟ್ಟುವಷ್ಟರಲ್ಲಿ ನನ್ನ ಸೋದರತ್ತೆಯ ತಲೆಯಲ್ಲಿ ಉಳಿದದ್ದು ಹೆದರಿಕೆಯ ಮಾತೊಂದೇ. ಗುಳಿಗೆಯ ಮಾತು ದಾರಿಯಲ್ಲೇ ಎಲ್ಲೋ ಇಳಿದುಹೋಗಿತ್ತು.

ಅಂದಿನಿಂದ ನಮ್ಮ ಮನೆಯವರೆಲ್ಲ ಡಾಕ್ಟರಾದರು. ತಲೆ ಬಾಚುವಾಗ, ರೊಟ್ಟಿ ಬಡಿಯುವಾಗ ಒಂದೇ ಮಂತ್ರ: "ಟೆನ್ಶನ್ ತಗೋಬ್ಯಾಡ." ಕೇಳಿ ಕೇಳಿಯೇ ನನ್ನ ಎದೆ ಡವಡವ ಎನ್ನುತ್ತಿತ್ತು. ಹೆದರಬೇಡ ಎಂದು ಹೆದರಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ.

ಕನ್ಯಾ ನೋಡಲು ಕಲಘಟಗಿ ಕಡೆಯವರು ಬರುತ್ತಾರೆಂದಾಗ ಅತ್ತೆ ನನ್ನ ಗುಳಿಗೆ ಡಬ್ಬಿಯನ್ನೇ ಎತ್ತಿಟ್ಟಳು.

"ಗುಳಿಗಿ ನುಂಗಿದ್ರ ಮಾರಿ ಜೋತು ಬೀಳ್ತೈತಿ. ಟೆನ್ಶನ್ ಬಿಟ್ರ ಗುಳಿಗಿ ಯಾಕ ಬೇಕ ಬೇ?"

ನಾನು ಜಗಳಾಡಿದೆ, ಅತ್ತೆ ಜಗ್ಗಲಿಲ್ಲ. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ.

ಚಹಾದ ತಟ್ಟೆ ಹಿಡಿದು ಪಡಸಾಲೆಗೆ ಬಂದದ್ದು ನೆನಪಿದೆ, ಮುಂದಿನದು ಇಲ್ಲ. ಎಚ್ಚರವಾದಾಗ ನೆಲದ ಮೇಲಿದ್ದೆ. ಮುಷ್ಟಿಯಲ್ಲಿ ಗೇಣುದ್ದದ ಕಬ್ಬಿಣದ ಕೀಲಿಕೈ. ಫಿಟ್ಸ್ ಬಂದವರ ಕೈಗೆ ಕಬ್ಬಿಣ ತುರುಕಿದರೆ ನಿಲ್ಲುತ್ತದೆ ಎನ್ನುವುದು ನಮ್ಮ ಕಡೆಯ ಘನ ವೈದ್ಯ. ಆದರೆ ಆ ಕೀಲಿಕೈ ನಮ್ಮ ಮನೆಯದಲ್ಲ. ವರನ ತಾಯಿ ತನ್ನ ಸೊಂಟದಿಂದ ಕಿತ್ತು ಕೊಟ್ಟದ್ದಂತೆ.

"ಬ್ಯಾನಿ ಮುಚ್ಚಿಟ್ಟು ಕನ್ಯಾ ತೋರಸ್ತೀರೇನ್ರಿ?" ಎಂದು ಆಕೆ ಅಬ್ಬರಿಸುತ್ತಿದ್ದಳು. ಬಾಜು ನಿಂತಿದ್ದ ವರ ನನ್ನ ಮುಷ್ಟಿಯನ್ನೇ ನೋಡುತ್ತ ಮೆಲ್ಲಗೆ ಅಂದ: "ಅವ್ವಾ, ನನ್ನ ಕೀಲಿ ಇಸ್ಕೋ."

ತಾಯಿ ಮಗನನ್ನು ನುಂಗುವಂತೆ ನೋಡಿದಳು. ನನ್ನ ಅತ್ತೆಗೆ ಖುಷಿಯೋ ಖುಷಿ, ಅವರ ಹುಳುಕೂ ಹೊರಬಿತ್ತಲ್ಲ!

ನನಗೆ ಮಾತ್ರ ಮೈಯೆಲ್ಲ ಉರಿಯಿತು. ಸುಧಾರಿಸಿಕೊಂಡು ಎದ್ದು ಕೂತು ಅವನನ್ನೇ ಕೇಳಿದೆ: "ನಿಮಗೂ ಡಾಕ್ಟರು ಗುಳಿಗಿ ಕೊಟ್ಟಾರೇನ್ರಿ?"

"ಕೊಟ್ಟಾರ್ರಿ."

"ಇವತ್ತ ತಗೊಂಡೀರಿ?"

ಅವನು ತಾಯಿಯ ಮುಖ ನೋಡಿದ.

ಅತ್ತೆಯಿಂದ ಡಬ್ಬಿ ಇಸಿದುಕೊಂಡು ಎಲ್ಲರ ಎದುರಿಗೇ ಗುಳಿಗೆ ನುಂಗಿದೆ. ನಾಚಿಕೆ ಅನ್ನಿಸಲಿಲ್ಲ. ಇನ್ನೊಂದು ಗುಟುಕು ನೀರು ಕುಡಿಯುವಾಗ ಅವನು, ಬಾಯಾರಿದವನ ಹಾಗೆ, ನನ್ನ ಲೋಟವನ್ನೇ ನೋಡುತ್ತಿದ್ದ. ತಾಯಿ ಅವನ ರಟ್ಟೆ ಹಿಡಿದು ಎಳೆದುಕೊಂಡು ಹೋದಳು.