ಕುದುರೆಯನ್ನು ಬಲಗಡೆಯಿಂದ ಏರಿದ್ದು

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಬಾದಾಮಿ ತಾಲ್ಲೂಕಿನ ಒಂದು ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ಕುಳಗೇರಿ ಕ್ರಾಸಿನಿಂದ ಒಳಗೆ ಹೋದರೆ ಸಿಗುವ ಹತ್ತು ಹನ್ನೆರಡು ಹಳ್ಳಿಗಳು ನನ್ನ ಪಾಲಿಗೆ ಬಂದಿದ್ದವು. ಡಾಕ್ಟರರ ಜಾಗ ಬಹಳ ದಿನ ಖಾಲಿ ಇದ್ದುದರಿಂದ ಊರವರು ನನ್ನನ್ನೇ ಡಾಕ್ಟರ್ ಎಂದು ಕರೆಯುತ್ತಿದ್ದರು. ಆ ಕಡೆಯದು ಎರೆ ನೆಲ. ಒಂದು ಮಳೆ ಬಿದ್ದರೆ ಸೈಕಲ್ಲಿನ ಗಾಲಿಗೆ ಮಣ್ಣು ಮೆತ್ತಿಕೊಂಡು, ನಾವೇ ಸೈಕಲ್ಲನ್ನು ಹೊತ್ತು ನಡೆಯಬೇಕಾಗುತ್ತಿತ್ತು. ಅದಕ್ಕೇ ನಾನು ಕುದುರೆ ಇಟ್ಟಿದ್ದೆ.

ಅದು ನನ್ನ ಸೋದರಮಾವ ಕೊಟ್ಟ ಹೆಣ್ಣು ಕುದುರೆ. ಕಂದು ಬಣ್ಣ, ಗಿಡ್ಡ ಮೈ, ಹಿಂಗಾಲೊಂದರ ಗೊರಸಿನ ಮೇಲೆ ಬಿಳಿ ಪಟ್ಟಿ. ಬಾಗಲಕೋಟೆಯಿಂದ ಬರುವ ಬಸ್ಸಿನಲ್ಲಿ ಲಸಿಕೆಯ ಫ್ಲಾಸ್ಕು ಬರುತ್ತಿತ್ತು. ಕ್ರಾಸಿನಲ್ಲಿ ಅದನ್ನು ಇಳಿಸಿಕೊಂಡು, ಒಳಗಿನ ಬರ್ಫ ಕರಗುವ ಮೊದಲೇ ಹಳ್ಳಿ ಮುಟ್ಟಬೇಕು. ಆಗ ಕುದುರೆಯನ್ನು ಓಡಲು ಬಿಡುತ್ತಿದ್ದೆ. ಜೋಳ ಕೊಯ್ದ ಹೊಲಗಳು ಕಣ್ಣು ಹಾಯುವವರೆಗೂ ಬಯಲು. ಲಗಾಮು ಎಳೆಯುವ ಕೆಲಸವೇ ಇರಲಿಲ್ಲ. ಎಡ ಮೊಳಕಾಲು ಒತ್ತಿದರೆ ಬಲಕ್ಕೆ ತಿರುಗುತ್ತಿತ್ತು, ಬಲ ಮೊಳಕಾಲು ಒತ್ತಿದರೆ ಎಡಕ್ಕೆ. ನಮ್ಮಿಬ್ಬರ ಮಾತೆಲ್ಲ ಮೊಳಕಾಲಿನಲ್ಲೇ ನಡೆಯುತ್ತಿತ್ತು.

ಒಂದು ಬೇಸಿಗೆಯ ಮುಂಜಾನೆ ಹೋರಿಯೊಂದಕ್ಕೆ ಇಂಜೆಕ್ಷನ್ ಕೊಡುತ್ತಿದ್ದೆ. ಸೂಜಿ ತಾಗಿದ್ದೇ ತಡ, ಅದು ಪಕ್ಕಕ್ಕೆ ಹೊರಳಿ ನನ್ನನ್ನು ಕಂಬಕ್ಕೆ ಒತ್ತಿತು. ನನ್ನ ಎಡಪಾದ ನೆಲದ ಬಿರುಕಿನಲ್ಲಿ ಸಿಕ್ಕಿತ್ತು. ಮೈ ತಿರುಗಿತು, ಪಾದ ತಿರುಗಲಿಲ್ಲ. ಮೊಳಕಾಲೊಳಗೆ ಹಸಿ ಬಟ್ಟೆ ಹರಿದಂಥ ಸಪ್ಪಳ ನನಗೇ ಕೇಳಿಸಿತು. ಊರವರು ತತ್ತಿಯ ಲೋಳೆ ಹಚ್ಚಿ ಪಟ್ಟಿ ಕಟ್ಟಿದರು. ತಿಂಗಳಾದ ಮೇಲೆ ಬಾವು ಇಳಿಯಿತು, ಆದರೆ ನಡೆಯುತ್ತ ನಡೆಯುತ್ತ ಮೊಳಕಾಲು ಅರ್ಧಕ್ಕೇ ಸಿಕ್ಕಿಕೊಂಡು, ಮುಂದೂ ಇಲ್ಲ ಹಿಂದೂ ಇಲ್ಲ ಎನ್ನುವಂತೆ ನಿಂತುಬಿಡುತ್ತಿತ್ತು. ಬಾಗಲಕೋಟೆಯ ಡಾಕ್ಟರರು ನೋಡಿ, ಮಿರಜಕ್ಕೆ ಹೋಗಿ ಆಪರೇಷನ್ ಮಾಡಿಸಿಕೊಳ್ಳಲು ಹೇಳಿದರು.

ಹೋಗುವ ಮುಂಚೆ ಕುದುರೆಯನ್ನು ಒಂದು ಕಡೆ ಬಿಡಬೇಕಿತ್ತು. ಸುಗ್ಗಿ ಮುಗಿದ ಮೇಲೆ ಕ್ರಾಸಿನ ಸುತ್ತಲಿನ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಲು ಬರುತ್ತಿದ್ದ ಕುರುಬರ ಒಂದು ಮನೆತನ ನನಗೆ ಪರಿಚಯವಿತ್ತು. ಆ ತಂಡಕ್ಕೆ ಒಬ್ಬ ಮುದುಕಿಯೇ ಹಿರಿಯಳು. ಗಂಡ ತೀರಿಕೊಂಡ ಮೇಲೆ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಅವಳೇ ನಡೆಸುತ್ತಿದ್ದಳು. ನಾನು ಅವಳನ್ನು ದೊಡ್ಡವ್ವ ಅನ್ನುತ್ತಿದ್ದೆ. ಅವಳ ಕುರಿಗಳಿಗೆ ಲಸಿಕೆ ಹಾಕಿದ ದಿನ ಆಕೆ ಬೀರಪ್ಪನ ಭಂಡಾರದ ಅರಿಶಿನ ತಂದು ಮೊದಲು ಸೂಜಿಗೆ, ಆಮೇಲೆ ನನ್ನ ಹಣೆಗೆ ಹಚ್ಚಿದ್ದಳು.

"ಬಿಟ್ಟು ಹೋಗು. ನಮ್ಮ ಕುದುರಿ ಎರಡ ಅದಾವು, ಇದು ಮೂರನೇದು" ಎಂದಳು. "ನೀ ಕಾಲು ಚಂದ ಮಾಡ್ಕೊಂಡು ಬಾ."

ಮಿರಜದಲ್ಲಿ ಮೊಳಕಾಲು ಕೊಯ್ದು, ಕೀಲಿನ ನಡುವಿನ ಹರಿದ ಗಾದಿಯಂಥದನ್ನು ತೆಗೆದರು. ಪಟ್ಟಿ ಬಿಚ್ಚಿದ ದಿನ ಡಾಕ್ಟರರು ಮರಾಠಿ ಬೆರೆಸಿದ ಕನ್ನಡದಲ್ಲಿ ಹೇಳಿದರು: "ನಡೀತೀರಿ, ಕಾಳಜಿ ಬ್ಯಾಡ. ಆದರ ಪೂರ್ತಿ ಮಡಚೂದಿಲ್ಲ. ಓಡೂದು ಬ್ಯಾಡ, ಕುಕ್ಕರಗಾಲಿಲೆ ಕೂಡೂದು ಬ್ಯಾಡ."

"ಕುದುರಿ ಹತ್ತಬಹುದೇನ್ರಿ?" ಎಂದೆ.

ನನ್ನ ಮುಖ ನೋಡಿದರು. ನಾನು ಚೇಷ್ಟೆ ಮಾಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ, "ಈಗಿನ ಕಾಲದಾಗ ಕುದುರಿ ಯಾರು ಹತ್ತತಾರ್ರಿ?" ಎಂದು ಮುಂದಿನ ಹಾಸಿಗೆಗೆ ಹೋದರು.

ಅಲ್ಲಿಂದ ಇಳಕಲ್ಲಿಗೆ, ಅಕ್ಕನ ಮನೆಗೆ ಹೋದೆ. ನಮ್ಮ ಮಾವ, ಅಂದರೆ ಅಕ್ಕನ ಗಂಡ, ನೇಕಾರ. ಪಡಸಾಲೆಯಲ್ಲೇ ಕುಣಿ ಮಗ್ಗ. ದಿನಾ ಕಾಲಿಗೆ ಉಸುಕಿನ ಚೀಲ ಕಟ್ಟಿಕೊಂಡು ಎತ್ತಿ ಇಳಿಸಬೇಕು ಎಂದು ಮಿರಜದಲ್ಲಿ ಕಲಿಸಿದ್ದರು. ಅದನ್ನು ಎರಡು ದಿನ ಮಾಡಿ ಬೇಸತ್ತು ಬಿಟ್ಟಿದ್ದೆ. ಅಕ್ಕ ನೋಡುವಷ್ಟು ನೋಡಿ, ಒಂದು ಮಧ್ಯಾಹ್ನ ಮಾವ ಊಟಕ್ಕೆ ಎದ್ದಾಗ ನನ್ನನ್ನು ಮಗ್ಗದ ಕುಣಿಯಲ್ಲಿ ಕೂಡಿಸಿದಳು.

"ಲಾಳಿ ಮುಟ್ಟಬ್ಯಾಡ. ಬರೇ ತುಳಿ" ಎಂದಳು.

ಒಳಗಿನಿಂದ ಮಾವ ಕೂಗಿದರು: "ಏ, ಸೀರಿ ಕೆಟ್ಟೀತು."

"ಸೀರಿ ಇನ್ನೊಂದು ನೇಯಬಹುದು. ನೀವು ಉಣ್ರಿ" ಎಂದಳು ಅಕ್ಕ.

ಅಂದಿನಿಂದ ದಿನವೂ ಅವರ ಊಟ, ಎಲೆ ಅಡಿಕೆ, ಸಣ್ಣ ನಿದ್ದೆ ಮುಗಿಯುವವರೆಗೆ ಕುಣಿಯಲ್ಲಿ ಕಾಲಿಳಿಬಿಟ್ಟು ಮಗ್ಗದ ಹಲಗೆ ತುಳಿಯುವುದೇ ನನ್ನ ಕೆಲಸವಾಯಿತು. ಮೊದಲ ವಾರ ಕಣ್ಣಲ್ಲಿ ನೀರು ಬರುತ್ತಿತ್ತು. ಆಮೇಲಾಮೇಲೆ ಕಾಲು ಬಗ್ಗತೊಡಗಿತು. ಎಡ, ಬಲ, ಎಡ, ಬಲ. ಕಣ್ಣು ಮುಚ್ಚಿದರೆ ತೊಡೆಯ ಕೆಳಗೆ ಕುದುರೆಯ ಬೆಚ್ಚನೆಯ ಮೈ ಇದ್ದಂತೆ ಅನಿಸುತ್ತಿತ್ತು. ಕಣ್ಣು ತೆರೆದರೆ ಎದುರಿಗೆ ಕೆಂಪು ದಡಿಯ ಹಾಸಿನ ನೂಲು. ಓಣಿಯಲ್ಲಿ ಟಾಂಗಾ ಹಾದುಹೋದರೆ ಗೊರಸಿನ ಸಪ್ಪಳಕ್ಕೆ ಕೈಲಿದ್ದ ಚಹಾ ಕೆಳಗಿಟ್ಟು ಬಾಗಿಲಿಗೆ ಹೋಗುತ್ತಿದ್ದೆ. ಒಮ್ಮೆ ಅಕ್ಕ ಅದನ್ನು ಕಂಡು, "ಲಗ್ನಾ ಆಗೂದಿಲ್ಲಂತ ಕುಂತಾಂವ, ಕುದುರೀಗಾಗಿ ಇಷ್ಟು ಒದ್ದಾಡತೀಯಲ್ಲೋ" ಎಂದಳು. ಅವಳ ಮಾತಿನಲ್ಲಿ ನಗೆ ಇರಲಿಲ್ಲ.

ಮಳೆಗಾಲ ಮುಗಿದ ಮೇಲೆ, ರಜೆ ಇನ್ನೆರಡು ವಾರ ಉಳಿದಿರುವಾಗ, ಕೋಲು ಹಿಡಿದು ಬಸ್ಸು ಹತ್ತಿದೆ. ಮಳೆಯಲ್ಲಿ ಕುರುಬರು ಎರೆ ನೆಲ ಬಿಟ್ಟು ಗುಡ್ಡದ ಕಡೆ ಏರುತ್ತಾರೆ. ಕೆರೂರ ಸಂತೆಯಲ್ಲಿ ಉಣ್ಣೆ ಮಾರಲು ಬಂದವರನ್ನು ವಿಚಾರಿಸಿದಾಗ, ಮುದುಕಿಯ ತಂಡ ಊರಿನಾಚೆ ಎರಡು ಮೈಲಿನಲ್ಲೇ ಇದೆ ಎಂದು ತಿಳಿಯಿತು. ಎರಡು ಮೈಲಿಗೆ ಅರ್ಧ ದಿನ ಹಿಡಿಯಿತು.

ಕುದುರೆ ಕುರಿಗಳ ನಡುವೆ ಮೇಯುತ್ತಿತ್ತು. ಬೆನ್ನ ಮೇಲೆ ಎರಡೂ ಬದಿಗೆ ಬಲೆಯ ಚೀಲಗಳು, ಅವುಗಳಿಂದ ಇಣುಕುವ ಎಳೆಯ ಮರಿಗಳ ತಲೆ. ನಾನು ಗಂಟಲಲ್ಲಿ ಸದ್ದು ಮಾಡಿ ಕರೆದೆ. ತಲೆ ಎತ್ತಿತು, ಕಿವಿ ಮುಂದೆ ಮಾಡಿತು, ನನ್ನನ್ನು ನೋಡಿತು. ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಆರು ತಿಂಗಳಿಂದ ನಾನು ಕಾದಿದ್ದ ಗಳಿಗೆ ಅಷ್ಟರಲ್ಲೇ ಮುಗಿಯಿತು.

ದೊಡ್ಡವ್ವ ನನ್ನ ಮುಖ ಕಂಡು ಹೇಳಿದಳು: "ಅದಕ್ಕ ನಿನ್ನ ಮ್ಯಾಲ ಸಿಟ್ಟಿಲ್ಲೋ ತಮ್ಮಾ. ಕುರಿಗಿ ಹೊಂದಿಕೊಂಡೈತಿ, ಅಷ್ಟ."

ಚೀಲ ಇಳಿಸಿ, ಕೂರಲು ನನ್ನ ಹಳೆಯ ತಡಿಯನ್ನು ಬೆನ್ನಿಗೆ ಬಿಗಿದರು. ನಾನು ಎಂದಿನಂತೆ ಎಡಗಡೆ ನಿಂತು ಎಡಗಾಲನ್ನು ರಿಕಾಬಿನ ಬಳೆಗೆ ಎತ್ತಿದೆ. ಮೊಳಕಾಲು ಅಷ್ಟು ಮೇಲಕ್ಕೆ ಮಡಚಲಿಲ್ಲ. ಕೈಯಿಂದ ಎತ್ತಿ ಇಟ್ಟೆ. ಭಾರ ಬಿಟ್ಟ ಕೂಡಲೇ ಒಳಗೆ ಸುಟ್ಟಂತಾಗಿ ಕೆಳಗೆ ಬಿದ್ದೆ. ಮೂರು ಸಲ ಹಾಗೇ ಆಯಿತು. ಮೂರನೆಯ ಸಲ ಬಿದ್ದವನು ಏಳಲಿಲ್ಲ. ಅಲ್ಲೇ ಕುಳಿತು, ಡಾಕ್ಟರ್ ಹೇಳಿದ್ದು ಖರೆ, ಈಗ ಕುದುರೆ ಯಾರು ಹತ್ತುತ್ತಾರೆ ಎಂದೆ.

ಮುದುಕಿ ಉಣ್ಣೆ ನೂಲುತ್ತಿದ್ದವಳು ಕದಿರು ಸೊಂಟಕ್ಕೆ ಸಿಕ್ಕಿಸಿ ಎದ್ದು ಬಂದಳು. "ಬಲಗಾಲಿಗೆ ಏನಾಗೈತಿ?" ಎಂದಳು.

"ಏನೂ ಆಗಿಲ್ಲ."

"ಮತ್ತ ಆ ಕಡಿಂದ ಹತ್ತು."

"ಕುದುರಿನ್ನ ಎಡಗಡಿಂದನ ಹತ್ತಬೇಕು ದೊಡ್ಡವ್ವ. ಅದಕ್ಕ ಹಂಗ ರೂಢಿ ಐತಿ."

"ರೂಢಿ ಮಾಡಿಸಿದಾಂವ ನೀನ ಹೌದಲ್ಲೋ? ಮತ್ತೊಂದು ರೂಢಿ ಮಾಡಿಸು" ಎಂದಳು.

ಎರಡು ವಾರ ಅದೇ ನಡೆಯಿತು. ಕೆರೂರಿನಲ್ಲಿ ಸ್ನೇಹಿತನೊಬ್ಬನ ಖೋಲಿಯಲ್ಲಿ ಇದ್ದುಕೊಂಡು ದಿನಾ ಮುಂಜಾನೆ ಆ ಕಡೆ ಹೋಗುವ ಚಕ್ಕಡಿ ಹತ್ತಿ ಬರುತ್ತಿದ್ದೆ. ಬಲಗಡೆ ನಿಂತರೇ ಕುದುರೆ ಬೆದರಿ ಸುತ್ತು ಹಾಕುತ್ತಿತ್ತು. ಆಕೆ ಲಗಾಮು ಹಿಡಿದು ಅದರ ಮೂಗಿನ ಹತ್ತಿರ ಬಾಯಿಟ್ಟು ಏನೇನೋ ಮಾತಾಡುತ್ತಿದ್ದಳು. ನಾನು ಬಲಗಡೆಯಿಂದ ಮೈ ತಿಕ್ಕುತ್ತಿದ್ದೆ, ಹೊಟ್ಟೆಯ ಮೇಲೆ ಒರಗುತ್ತಿದ್ದೆ, ಬಲ ರಿಕಾಬಿಗೆ ಕೈಯಿಂದ ಭಾರ ಹಾಕುತ್ತಿದ್ದೆ. ಒಂಬತ್ತನೆಯದೋ ಹತ್ತನೆಯದೋ ದಿನ ಹೊಲದ ಒಡ್ಡಿನ ಕಲ್ಲಿನ ಮೇಲೆ ನಿಂತು ಬಲಗಾಲು ಇಟ್ಟು ಮೇಲೆದ್ದೆ. ಸೆಟೆದ ಎಡಗಾಲು ಕುದುರೆಯ ಬೆನ್ನಿಗೆ ಬಡಿದು ಆಚೆ ಹೋಯಿತು. ಕುದುರೆ ನಡುಗಿತು, ಆದರೆ ನಿಂತಿತು.

ಆ ಎತ್ತರದಿಂದ ಲೋಕ ನೋಡಿ ಅರ್ಧ ವರ್ಷವಾಗಿತ್ತು. ಕೆಳಗೆ ಕುರಿಗಳ ಬೆನ್ನು, ಅದರಾಚೆ ಮೊಳಕೆಯೊಡೆದ ಜೋಳದ ಸಾಲು, ಇನ್ನೂ ಆಚೆ ಕ್ರಾಸಿನ ಕಡೆ ಹೊರಟ ಲಾರಿಯ ಧೂಳು. ನನಗೆ ಅಳು ಬಂತು. ಮುದುಕಿ ನೋಡಿದರೂ ನೋಡದವಳಂತೆ ಮುಖ ತಿರುಗಿಸಿದಳು.

ಕುದುರೆ ನನ್ನೊಡನೆ ಬಂತು. ಆಮೇಲೆ ಮೂರು ವರ್ಷ ಅದೇ ಹಳ್ಳಿಗಳಿಗೆ ಅದರ ಮೇಲೇ ತಿರುಗಿದೆ. ಆದರೆ ಎಲ್ಲವೂ ನಡಿಗೆಯಲ್ಲಿ. ನನ್ನ ಎಡ ಮೊಳಕಾಲಿಗೆ ಒತ್ತುವ ಬಲ ಬರಲೇ ಇಲ್ಲ. ಬಲಕ್ಕೆ ತಿರುಗಬೇಕಾದಾಗ ಲಗಾಮು ಎಳೆಯಬೇಕು, ಬಾಯಲ್ಲಿ ಹೇಳಬೇಕು. ಹೇಳಿದ್ದನ್ನು ಅದು ಮಾಡುತ್ತಿತ್ತು, ಆದರೆ ಹೇಳದೆಯೇ ತಿಳಿದುಕೊಳ್ಳುತ್ತಿದ್ದ ಕುದುರೆ ಅದಾಗಿರಲಿಲ್ಲ, ಅಥವಾ ನಾನೇ ಆ ಸವಾರನಾಗಿರಲಿಲ್ಲ. ಒಂದೇ ಒಂದು ಸಲ, ಖಾಲಿ ಬಯಲು ಕಂಡು ಆಸೆ ತಡೆಯಲಾರದೆ ಹಿಮ್ಮಡಿ ತಾಗಿಸಿದೆ. ನೂರು ಮಾರು ಓಡಿರಬಹುದು. ವಾರವಿಡೀ ಮೊಳಕಾಲು ಊದಿತು. ಆ ನೂರು ಮಾರಿನ ಗಾಳಿಯನ್ನು ಮಾತ್ರ ಈಗಲೂ ಮುಖದ ಮೇಲೆ ತಂದುಕೊಳ್ಳಬಲ್ಲೆ.

ಪ್ರತಿ ಬೇಸಿಗೆ ಕುರಿಯ ಹಿಂಡು ಹೊಲಕ್ಕೆ ಇಳಿದಾಗ ಕುದುರೆ ಮೇವು ಬಿಡುತ್ತಿತ್ತು. ಕುರಿಗಳ ಕೊರಳ ಗಂಟೆಯ ಸದ್ದು ಕೇಳಿದರೆ ಕೆನೆಯುತ್ತಿತ್ತು. ಮೂರನೆಯ ವರ್ಷ ಗೂಟ ಕಿತ್ತುಕೊಂಡು ಹಿಂಡಿನ ಹಿಂದೆಯೇ ಹೋಯಿತು. ಕರೆತರಲು ಹೋದವನಿಗೆ, ಅದು ಮರಿಗಳ ನಡುವೆ ಕಣ್ಣು ಮುಚ್ಚಿ ನಿಂತದ್ದು ಕಾಣಿಸಿತು. ಅಷ್ಟರಲ್ಲಿ ನನಗೂ ಬಾಗಲಕೋಟೆಗೆ ವರ್ಗವಾಗಿತ್ತು. ಅಲ್ಲಿ ಮೇಜು, ಕುರ್ಚಿಯ ಕೆಲಸ.

"ನಿಮ್ಮ ಹತ್ರನ ಇರಲಿ ದೊಡ್ಡವ್ವ" ಎಂದೆ.

ಅವಳು ಬೇಡ ಎನ್ನಲಿಲ್ಲ, ಸಂತೋಷವನ್ನೂ ತೋರಿಸಲಿಲ್ಲ. "ನಾಳೆ ಮಲಪ್ರಭಾ ದಂಡಿಗೆ ಹೊಂಟೇವಿ. ಅಲ್ಲೀತನಾ ನೀನ ಹತ್ಕೊಂಡು ಬಾ" ಎಂದಳು.

ಮರುದಿನ ಮುಂಜಾನೆಯಿಂದ ಇಳಿಹೊತ್ತಿನವರೆಗೆ ಹಿಂಡಿನ ಹಿಂದೆ ಸವಾರಿ ಮಾಡಿದೆ. ಯಾವ ಅವಸರವೂ ಇರಲಿಲ್ಲ. ಕುರಿ ನಿಂತಲ್ಲಿ ಕುದುರೆ ನಿಂತಿತು, ಕುರಿ ನಡೆದಲ್ಲಿ ನಡೆಯಿತು. ನಾನು ಲಗಾಮನ್ನು ಅದರ ಕುತ್ತಿಗೆಯ ಮೇಲೆ ಬಿಟ್ಟಿದ್ದೆ. ಹೊಳೆ ಕಂಡಾಗ ಇಳಿದೆ. ಬೆನ್ನ ಮೇಲಿನ ತಡಿಯನ್ನೂ ಅವರಿಗೇ ಬಿಟ್ಟೆ. ಕುದುರೆ ನೀರಿಗೆ ಬಾಯಿ ಹಾಕಿ ಕುಡಿಯತೊಡಗಿತು. ಅದು ಕುಡಿದು ಮುಗಿಸುವ ಮೊದಲೇ ದಾರಿ ಹಿಡಿದೆ.

ಸಿಕ್ಕ ಬಸ್ಸಿನಲ್ಲಿ ಪಕ್ಕಕ್ಕೆ ಕೂತಿದ್ದ ಹೆಣ್ಣುಮಗಳು ಸೆರಗು ಮೂಗಿಗೆ ಹಿಡಿದು ಆಚೆ ಸರಿದಳು. ನನ್ನ ಬಟ್ಟೆ ಕುದುರೆಯ ಬೆವರು ನಾರುತ್ತಿತ್ತು. ಬಾಗಲಕೋಟೆಯ ಹೊಸ ಖೋಲಿಯಲ್ಲಿ ಆ ಪ್ಯಾಂಟನ್ನು ಗೂಟಕ್ಕೆ ನೇತುಹಾಕಿದೆ. ಅಗಸರವಳು ಎರಡು ಸಲ ಬಂದು ಅದನ್ನು ಒಗೆಯಲು ಕೇಳಿದಳು. ಎರಡೂ ಸಲ, "ಅದೊಂದು ಇರಲಿ ಬಿಡಬೇ" ಎಂದೆ.